ಹತ್ತನೆಯ ನರ

ಕಾಲೇಜಿನ ಅಟೆಂಡರಣ್ಣ ಟ್ರೇಯ ಮೇಲಿನ ಒದ್ದೆ ಗೋಣಿಯನ್ನು ಎತ್ತಿದ ಕೂಡಲೇ ಆ ವಾಸನೆ ಬಂತು. ಕೊಳೆತ ಮೀನಿನದಲ್ಲ, ಹಿಡಿದು ಒಂದು ಹಗಲು ಕಳೆದ ಶಾರ್ಕಿನದು. ಮೂಗಿನ ತುದಿಯಲ್ಲಿ ಚುರ್ರೆಂದು, ಕಣ್ಣಂಚಿನಲ್ಲಿ ತುಸು ನೀರು ತರಿಸಿ, ಆಮೇಲೆ ಐಸಿನ ತಂಪಿನ ಹಿಂದೆ ಅಡಗಿಕೊಳ್ಳುವ ವಾಸನೆ. ಅವಳು ಐದು ವರ್ಷದವಳಿದ್ದಾಗ ಅದು ಅಮ್ಮನ ವಾಸನೆಯಾಗಿತ್ತು. ಅಮ್ಮ ಸಂಜೆ ಮಾರ್ಕೆಟ್ಟಿನಿಂದ ಬಂದು, ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದು, ಇವಳನ್ನು ತಲೆ ಬಾಚಲು ಕೂರಿಸಿಕೊಂಡರೆ, ಬೆರಳು ಕಿವಿಯ ಬಳಿ ಸುಳಿದಾಗಲೆಲ್ಲ ಅದು ಬರುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡ ದಿನವೇ ಅವಳಿಗೆ ಗೊತ್ತಾದದ್ದು, ಎಲ್ಲರ ಅಮ್ಮಂದಿರಿಗೂ ಆ ವಾಸನೆ ಇರುವುದಿಲ್ಲ ಎಂದು.

"ಏನು ಡಾಕ್ಟ್ರಮ್ಮ, ನಿಂತಲ್ಲೇ ಕಂಬ ಆಗ್ಬಿಟ್ರಿ?" ಎಂದ ಅಟೆಂಡರಣ್ಣ.

"ಪೂರ್ತಿ ಮೀನು ತಂದಿದ್ದೀರಲ್ಲ ಅಣ್ಣಾ."

"ಇನ್ನೇನು, ಅರ್ಧ ಮೀನು ತರ್ತಾರಾ? ದೊಡ್ಡ ಮೇಡಂ ಅಪ್ಪಣೆ. ಬರೀ ತಲೆ ಸಾಲದು, ಮೂತಿಯಿಂದ ಬಾಲದವರೆಗೂ ಇರಬೇಕು ಅಂದ್ರು. ಈಗ ಶಾರ್ಕ್ ಸಿಗೋದೇ ಅಪರೂಪ. ಎರಡು ಮೀನಿಗೆ ಮೂರು ದಿನ ಚಪ್ಪಲಿ ಸವೆಸಿದೆ. ಕೊನೆಗೆ ಸಿಕ್ಕಿದ್ದು ಎಲ್ಲಿ ಹೇಳಿ? ನಿಮ್ಮಮ್ಮನ ಅಂಗಡೀಲೇ."

ಅವಳು ನಕ್ಕಳು. ನಗುತ್ತಲೇ ಮೇಣ ತುಂಬಿದ ಟ್ರೇಯ ಮೇಲೆ ಉದ್ದಕ್ಕೆ ಮಲಗಿದ್ದ ಆ ಬೂದು ಬಣ್ಣದ ಮೀನನ್ನು ನೋಡಿದಳು. ಮೊಳಕ್ಕಿಂತ ಹೆಚ್ಚೇ ಉದ್ದ. ಬಾಲ ಟ್ರೇಯಿಂದಾಚೆ ಇಳಿಬಿದ್ದಿತ್ತು. ಕಣ್ಣಿನ ಹಿಂದೆ ಐದು ಕಿವಿರು ಸೀಳುಗಳು ಓರೆಯಾಗಿ, ಸಾಲಾಗಿ. ಆ ಐದು ಸೀಳುಗಳನ್ನು ನೋಡಿದಾಗ ಅವಳ ನಗು ನಿಂತಿತು. ಅಭ್ಯಾಸಕ್ಕೆಂದು ಮುನ್ನೂರು ಮೀನಿನ ತಲೆ ಕೊಯ್ದು ಬಿಡಿಸಿದ್ದಳು ಅವಳು. ಅವುಗಳಲ್ಲಿ ಒಂದಕ್ಕೂ ಈ ಐದು ಸೀಳು ಇರಲಿಲ್ಲ.

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಆರು ವರ್ಷದಿಂದ ಅವಳದು ಜಾಡಿ ತೊಳೆಯುವ ಕೆಲಸ. ಡಿಗ್ರಿ ಇತ್ತು, ಆದರೆ ಹುದ್ದೆ ತಾತ್ಕಾಲಿಕ. ಗಾಜಿನ ಜಾಡಿಗಳಲ್ಲಿ ಹಳದಿ ತಿರುಗಿದ ಫಾರ್ಮಾಲಿನ್ ಚೆಲ್ಲಿ ಹೊಸದು ತುಂಬುವುದು, ಕತ್ತಿ ಚಿಮಟಗಳನ್ನು ಕುದಿಸಿ ಒರೆಸಿಡುವುದು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತು ಜಾಡಿಯೊಳಗಿನ ಮಾದರಿಗಳನ್ನು ತಯಾರಿಸಿದ್ದ ಹಿರಿಯರು ಈ ವರ್ಷ ನಿವೃತ್ತರಾದರು. ಜಾಡಿಯ ಮೇಲೆ ಅಂಟಿಸುವ ಚೀಟಿಯನ್ನು ಅವರು ಬೇರೆ ಯಾರಿಗೂ ಬರೆಯಲು ಬಿಟ್ಟವರಲ್ಲ. ಮೇಷ್ಟರುಗಳು ಬಂದು ಕೇಳಿದರೂ, "ಬಿಡಿಸಿದವನು ಬರೀಬೇಕು, ಅದು ಈ ಕುರ್ಚಿಯ ಕೆಲಸ" ಎನ್ನುತ್ತಿದ್ದರು. ಈಗ ಆ ಕುರ್ಚಿ ಖಾಲಿ. ಅದಕ್ಕೆ ಇಬ್ಬರು ಅಭ್ಯರ್ಥಿಗಳು: ಅವಳು, ಮತ್ತು ಬೇರೆ ಊರಿನಿಂದ ಬಂದ, ಎರಡು ಡಿಗ್ರಿ ಪಡೆದ ಕನ್ನಡಕದವನು. ಅವಳ ತಾತ್ಕಾಲಿಕ ಆದೇಶ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕುರ್ಚಿ ಸಿಗದಿದ್ದರೆ ಈ ಬಾಗಿಲಿಂದ ಒಳಗೆ ಬರಲು ಮತ್ತೆ ಕಾರಣವೇ ಇರುವುದಿಲ್ಲ.

ಪರೀಕ್ಷೆ ಹೇಳಲು ಸುಲಭ. ಒಂದು ಶಾರ್ಕು, ಎಡಮಗ್ಗುಲು. ಮಿದುಳಿನಿಂದ ಹೊರಡುವ ಹತ್ತು ನರಗಳನ್ನೂ ಬುಡದಿಂದ ತುದಿಯವರೆಗೆ, ಒಂದೂ ಹರಿಯದಂತೆ ಬಿಡಿಸಿ, ಬಿಳಿ ನರ ಎದ್ದು ಕಾಣುವ ಹಾಗೆ ಪ್ರತಿಯೊಂದರ ಕೆಳಗೂ ಕಪ್ಪು ಕಾಗದದ ಪಟ್ಟಿ ತೂರಿಸಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು.

ಅವಳಿಗೆ ಧೈರ್ಯವಿತ್ತು, ಅದು ಒಣ ಧೈರ್ಯವೂ ಆಗಿರಲಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಅಮ್ಮನ ಮೀನಂಗಡಿಯ ಹಿಂದೆ ಕ್ರೇಟು ಬೋರಲು ಹಾಕಿ ಕೂತು ಅಭ್ಯಾಸ ಮಾಡಿದ್ದಳು. "ತಲೆ ಬಿಸಾಕೋ ಬುಟ್ಟಿ ನಿಂದು, ಮೀನು ನಂದು" ಎಂದು ಅಮ್ಮ ಒಪ್ಪಂದ ಮಾಡಿಕೊಂಡಿದ್ದಳು. ಶಾರ್ಕಿನ ಬುರುಡೆ ಎಲುಬಲ್ಲ, ಕಿವಿಯ ಹಾಲೆಯಂಥ ಮೆತ್ತನೆಯ ವಸ್ತು. ಹರಿತವಾದ ಕತ್ತಿಯಿಂದ ತೆಳ್ಳಗೆ, ಸೌತೆಕಾಯಿಯ ಹಾಗೆ ಹೆರೆಯುತ್ತಾ ಹೋಗಬಹುದು. ಶಾರ್ಕ್ ಸಿಗದ ವಾರ ಬೇರೆ ಮೀನುಗಳ ತಲೆ. ಅವುಗಳದು ನಿಜವಾದ ಎಲುಬು, ಇಕ್ಕಳದಿಂದ ಚೂರುಚೂರಾಗಿ ಮುರಿಯಬೇಕು. ಮೀಸೆಯ ಮೀನೊಂದರಲ್ಲಿ ಮುಖದ ನರ ಏಕೆ ಅಷ್ಟು ದಪ್ಪ ಎಂದು ಅವಳು ತಲೆ ಕೆಡಿಸಿಕೊಂಡಿದ್ದಾಗ, ಅಮ್ಮ ಚಾಕು ಮಸೆಯುತ್ತಲೇ, "ಅದಕ್ಕೆ ಮೈಯೆಲ್ಲಾ ನಾಲಿಗೆ ಕಣೇ. ಕೆಸರಲ್ಲಿ ಕಣ್ಣು ಕಾಣಲ್ಲ, ಮೈಯಲ್ಲೇ ರುಚಿ ನೋಡುತ್ತೆ" ಎಂದಿದ್ದಳು. ಪುಸ್ತಕ ತೆಗೆದು ನೋಡಿದರೆ ಅಕ್ಷರಶಃ ಅದೇ ಬರೆದಿತ್ತು.

ಎದುರಿನ ಅಂಗಡಿಯ ಸಿಗಡಿ ಮಾರುವವಳು ಪ್ರತಿ ಸಲವೂ ಕೇಳುತ್ತಿದ್ದಳು: "ಏನೇ ಡಾಕ್ಟ್ರಮ್ಮ, ಪೇಶೆಂಟು ಉಳೀತಾ?"

"ಉಳಿದ್ರೆ ನಾನು ಮಾರೋದೇನು?" ಎಂದು ಅಮ್ಮನೇ ಉತ್ತರ ಕೊಡುತ್ತಿದ್ದಳು. ಹಾಗೆ ಬಂದ ಹೆಸರು ಮಾರ್ಕೆಟ್ಟಿನಿಂದ ಕಾಲೇಜಿಗೂ ನಡೆದುಬಂದಿತ್ತು.

ಆ ಮುನ್ನೂರು ತಲೆಗಳೂ ಅಮ್ಮ ಕತ್ತರಿಸಿದ್ದು. ಅಮ್ಮ ಒಂದೇ ಏಟಿಗೆ, ಮೊದಲ ಕಿವಿರು ಸೀಳಿನ ಮುಂದೆ, ಮಾಂಸ ಒಂದಿಷ್ಟೂ ತಲೆಯ ಜೊತೆ ಹೋಗದ ಹಾಗೆ ಕತ್ತರಿಸುವವಳು. ಮಾರುವವಳ ಲೆಕ್ಕದಲ್ಲಿ ಅದಕ್ಕಿಂತ ಸರಿಯಾದ ಏಟಿಲ್ಲ. ಆದರೆ ಒಂಬತ್ತನೆಯ ನರ ಹೋಗುವುದು ಮೊದಲ ಕಿವಿರಿಗೆ. ಹತ್ತನೆಯದು ಉಳಿದ ನಾಲ್ಕು ಕಿವಿರುಗಳಿಗೆ, ಹೃದಯಕ್ಕೆ, ಹೊಟ್ಟೆಗೆ ಕವಲೊಡೆಯುವಂಥದು, ಎಲ್ಲಕ್ಕಿಂತ ದೊಡ್ಡದು. ಅವಳ ತಲೆಗಳಲ್ಲಿ ಅದು ಯಾವಾಗಲೂ ಕೊಯ್ದ ಹುಲ್ಲಿನ ಬುಡದಂಥ ಒಂದು ಬಿಳಿ ಮೋಟು. ಉಳಿದದ್ದನ್ನು ಪುಸ್ತಕದ ಚಿತ್ರದಲ್ಲಿ ನೋಡಿ ಗೊತ್ತಿದೆ ಅಂದುಕೊಂಡಿದ್ದಳು. ವಿದ್ಯಾರ್ಥಿಗಳ ಪ್ರಾಕ್ಟಿಕಲ್ಲಿಗೂ ಈಚೆಗೆ ತಲೆಗಳೇ ಬರುತ್ತಿದ್ದುದರಿಂದ, ಪರೀಕ್ಷೆಗೂ ತಲೆಯೇ ಬರುತ್ತದೆಂದು ನಂಬಿದ್ದಳು.

ಈಗ ಆ ನಂಬಿಕೆ ಸುಳ್ಳಾಗಿ, ಬಾಲದ ಸಮೇತ ಎದುರಿಗೆ ಮಲಗಿತ್ತು.

ಅವಳು ಏಪ್ರನ್ನಿನ ದಾರ ಬಿಗಿದಳು. ಗೊತ್ತಿರುವ ಎಂಟು ಮೊದಲು, ಗೊತ್ತಿಲ್ಲದ ಎರಡು ಆಮೇಲೆ ಎಂದು ತನಗೆ ತಾನೇ ಹೇಳಿಕೊಂಡು ಕತ್ತಿ ಹಿಡಿದಳು. ಹಿಡಿದ ಮೇಲೆ ಕೈ ತನ್ನ ಪಾಡಿಗೆ ತಾನು ನಡೆಯಿತು. ತಲೆಯ ಮೇಲಿನ ಚರ್ಮ ಸುಲಿದು, ಬುರುಡೆ ಹೆರೆಯುತ್ತಾ ಹೋದಂತೆ ಕೆನೆ ಬಣ್ಣದ ಮಿದುಳು ಮೆಲ್ಲಗೆ ಕಂಡಿತು. ಮೂಗಿನ ನರ, ಕಣ್ಣಿನ ದಪ್ಪ ನರ. ಕಣ್ಣುಗುಡ್ಡೆಯನ್ನು ಸುತ್ತಿದ ಆರು ಸ್ನಾಯುಗಳು, ಅವುಗಳಿಗೆ ಹೋಗುವ ಮೂರು ನರಗಳು. ಹನ್ನೊಂದೂವರೆಗೆ ಅವಳು ನಾಲ್ಕನೆಯದರ ಬಳಿ ಬಂದಳು. ಅದೊಂದು ಕೂದಲಿಗಿಂತ ತುಸು ದಪ್ಪ, ಅಷ್ಟೆ. ಮಿದುಳಿನ ನೆತ್ತಿಯಿಂದ ಹೊರಟು ಕಣ್ಣಿನ ಒಂದೇ ಒಂದು ಸ್ನಾಯುವಿಗೆ ಹೋಗುತ್ತದೆ. ಅದನ್ನು ಬಿಡಿಸುವಾಗ ಉಸಿರು ಹಿಡಿಯಬಾರದು, ಹಿಡಿದರೆ ಕೈ ನಡುಗುತ್ತದೆಂದು ಮೂರು ವರ್ಷದಲ್ಲಿ ಕಲಿತಿದ್ದಳು. ಸಾವಕಾಶವಾಗಿ ಉಸಿರಾಡುತ್ತಾ ಬಿಡಿಸಿ, ಕೆಳಗೆ ಕಪ್ಪು ಕಾಗದ ತೂರಿಸಿದಳು. ಕಾಗದದ ಮೇಲೆ ನರ ಸೀಮೆಸುಣ್ಣದ ಗೆರೆಯಂತೆ ಬೆಳ್ಳಗೆ ಮಲಗಿತು.

ಪಕ್ಕದ ಮೇಜಿನಿಂದ "ತ್ಚ್" ಎಂಬ ಸದ್ದು ಬಂತು. ಕನ್ನಡಕದವನು ಕನ್ನಡಕ ತೆಗೆದು ಮೊಣಕೈಗೆ ಉಜ್ಜುತ್ತಿದ್ದ. ಬೆಳಿಗ್ಗೆ ಅವನು ಕಪ್ಪು ಕಾಗದ ತರಲು ಮರೆತು ಅತ್ತಿತ್ತ ನೋಡುತ್ತಿದ್ದಾಗ ಅವಳು ತನ್ನದರಲ್ಲಿ ಅರ್ಧ ಕೊಟ್ಟಿದ್ದಳು. ಆ ಸಲಿಗೆಯಲ್ಲಿ ಅವನು ಮೆಲ್ಲಗೆ ಕೇಳಿದ:

"ಬಿಳಿ ನೂಲು ಇದ್ಯಾ?"

ಯಾಕೆಂದು ಅವಳು ಕೇಳಲಿಲ್ಲ. ಹರಿದ ನರದ ಜಾಗದಲ್ಲಿ ನೂಲು ಇಡುವುದು ಪ್ರಾಕ್ಟಿಕಲ್ ಪರೀಕ್ಷೆಗಳಷ್ಟೇ ಹಳೆಯ ಉಪಾಯ.

"ಇದೆ. ಕೊಡ್ತೀನಿ ಬೇಕಾದ್ರೆ. ಆದ್ರೆ ದೊಡ್ಡ ಮೇಡಂ ಒಂದೊಂದು ನರಾನೂ ಚಿಮಟದಲ್ಲಿ ಎತ್ತಿ ನೋಡ್ತಾರೆ. ನೂಲಾದ್ರೆ ಕೈಗೇ ಬರುತ್ತೆ. ಹರಿದಿದ್ದು ಕಂಡ್ರೆ ಒಂದು ನರ ಹೋಯ್ತು ಅಷ್ಟೆ. ನೂಲು ಕಂಡ್ರೆ ಉಳಿದ ಒಂಬತ್ತೂ ಹೋಗುತ್ತೆ."

ಅವನು ತನ್ನ ಟ್ರೇಯನ್ನೊಮ್ಮೆ ನೋಡಿದ. "ಬೇಡ ಬಿಡಿ" ಎಂದು ಕನ್ನಡಕ ಏರಿಸಿಕೊಂಡ.

ಒಂದು ಗಂಟೆಗೆ ಎಂಟು ಮುಗಿದವು. ಊಟಕ್ಕೆ ಕಾಲು ಗಂಟೆ ಬಿಡುವು. ಅವಳು ಡಬ್ಬಿ ತಂದಿರಲಿಲ್ಲ. ಬೆಳಿಗ್ಗೆ ಅಮ್ಮ ಕಟ್ಟಿಕೊಡಲು ಬಂದಾಗ, "ಬೇಡಮ್ಮ, ಹೊಟ್ಟೆ ಭಾರ ಆದ್ರೆ ಕೈ ಭಾರ ಆಗುತ್ತೆ" ಎಂದಿದ್ದಳು. ಅಮ್ಮ ವಾದ ಮಾಡದೆ ಡಬ್ಬಿಯನ್ನು ತನ್ನ ಚೀಲಕ್ಕೇ ಹಾಕಿಕೊಂಡಿದ್ದಳು. ಈಗ ಅವಳು ಒಂದು ಲೋಟ ನೀರು ಕುಡಿದು ಮತ್ತೆ ಬಂದು ಕೂತಳು.

ಒಂಬತ್ತನೆಯದು ಸಿಕ್ಕಿತು. ಕಿವಿಯ ಕೆಳಗಿನ ಪದರವನ್ನು ಕಾಗದದಷ್ಟು ತೆಳ್ಳಗೆ ಹೆರೆದು, ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದಾಗ, ಎಲ್ಲಿರಬೇಕೋ ಅಲ್ಲೇ ಇತ್ತು. ಹತ್ತನೆಯದು ಹಾಗಾಗಲಿಲ್ಲ. ಅದರ ಬುಡ ಅವಳಿಗೆ ಹಳೆಯ ಪರಿಚಯ. ಅದೇ ಅಗಲ, ಅದೇ ಬಿಳುಪು. ಆದರೆ ಅಮ್ಮನ ಏಟು ಬೀಳುತ್ತಿದ್ದ ಜಾಗ ದಾಟಿದ ಮೇಲೆ ಅದು ಮಾಂಸದ ಅಡಿಗೆ, ಕಿವಿರುಗಳ ಮೇಲಿದ್ದ ರಕ್ತನಾಳದ ಕತ್ತಲೆ ಗುಹೆಯೊಳಗೆ ಇಳಿದು ಮಾಯವಾಯಿತು. ಎಲ್ಲಿ ಕೊಯ್ಯಬೇಕು, ಎಷ್ಟು ಆಳ? ಕೂದಲೆಳೆಯಷ್ಟು ತಪ್ಪಿದರೆ ಕಿವಿರಿಗೆ ಹೋಗುವ ನಾಲ್ಕು ಕವಲೂ ಒಂದೇ ಸಲಕ್ಕೆ ತುಂಡಾಗುತ್ತವೆ. ಅವಳು ಕತ್ತಿಯ ಮೊನೆ ಇಟ್ಟಳು, ತೆಗೆದಳು. ಇನ್ನೊಂದು ಕಡೆ ಇಟ್ಟಳು, ಅಲ್ಲಿಂದಲೂ ತೆಗೆದಳು.

ಗಡಿಯಾರ ಎರಡು ಇಪ್ಪತ್ತು ತೋರಿಸುತ್ತಿತ್ತು. ಕಿಟಕಿಯ ಬೆಳಕು ಸರಿದಿತ್ತು. ಅದನ್ನು ಅವಳಿಗಿಂತ ಮೊದಲು ಗಮನಿಸಿದ ಅಟೆಂಡರಣ್ಣ, ಯಾರೂ ಹೇಳದೆಯೇ ಮೇಜಿನ ದೀಪವನ್ನು ತಂದು ಅವಳ ಎಡಗಡೆ ಇಟ್ಟ. ಇಟ್ಟ ದೀಪ ತಲೆಯ ಕಡೆ ತಿರುಗುವ ಮೊದಲು ಒಂದು ಕ್ಷಣ ಬಾಲದ ಕಡೆ ಬೆಳಗಿತು. ಬಾಲಕ್ಕೆ ಕಟ್ಟಿದ ಹಗ್ಗ ಹಾಗೇ ಇತ್ತು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೇ ಸಿಕ್ಕಿಸಿದ ಗಂಟು. ಹಾಗೆ ಗಂಟು ಹಾಕುವವರು ಇಡೀ ಮಾರ್ಕೆಟ್ಟಿನಲ್ಲಿ ಒಬ್ಬರೇ.

ಆ ಗಂಟನ್ನು ನೋಡುತ್ತಾ ನೋಡುತ್ತಾ ಅವಳಿಗೆ ಅಂಗಡಿಯ ಮರದ ಹಲಗೆ ನೆನಪಾಯಿತು. ಅವಳು ಕ್ರೇಟಿನ ಮೇಲೆ ಕಾಲು ಇಳಿಬಿಟ್ಟು ಕೂತ ಐದು ವರ್ಷದವಳು. ಬೇಸರವಾಗಿ ಅಳಲು ಶುರುಮಾಡುತ್ತಾಳೆ. ಅಮ್ಮ ಚರ್ಮ ಸುಲಿದ ಶಾರ್ಕಿನ ಮಗ್ಗುಲಲ್ಲಿ, ಬೆನ್ನಿನ ಮಾಂಸವೂ ಹೊಟ್ಟೆಯ ಮಾಂಸವೂ ಸೇರುವ ಗೆರೆಯಲ್ಲಿ ಹೆಬ್ಬೆರಳು ಇಳಿಸಿ, ಉಗುರಿನಿಂದ ಏನನ್ನೋ ಕೊಕ್ಕೆ ಹಾಕಿ ಎಳೆಯುತ್ತಾಳೆ. ಉದ್ದವಾದ ಬಿಳಿ ದಾರ ಬರುತ್ತದೆ.

"ತಗೋ, ಆಡ್ಕೋ."

"ಇದೇನಮ್ಮ?"

"ಹಿಂದೆ ಯಾರು ಬರ್ತಿದ್ದಾರೆ ಅಂತ ಮೀನಿಗೆ ಹೇಳೋ ದಾರ. ತೊಟ್ಟೀಲಿ ಹಿಂದಿಂದ ಕೈ ಹಾಕಿದ್ರೂ ಮೀನು ಸರಿಯುತ್ತಲ್ಲ, ಅದಕ್ಕೇನು ಬೆನ್ನಲ್ಲಿ ಕಣ್ಣಿದ್ಯಾ?"

ಅವಳು ಆ ದಾರವನ್ನು ಬೆರಳಿಗೆ ಉಂಗುರದ ಹಾಗೆ ಸುತ್ತಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಅದು ಒಣಗಿ ಸೆಟೆದುಕೊಳ್ಳುತ್ತಿತ್ತು.

ಪುಸ್ತಕದ ಚಿತ್ರದಲ್ಲಿ ಹತ್ತನೆಯ ನರದ ಒಂದು ಕವಲು ಪುಟದ ಅಂಚಿಗೆ ಬಂದು ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಒಂದು ಬಾಣದ ಗುರುತು, "ಬಾಲದ ಕಡೆಗೆ" ಎಂದು. ಆ ಬಾಣ ಎಲ್ಲಿಗೆ ಹೋಗುತ್ತದೆಂದು ಅವಳು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಅದು ಅವಳ ಬೆರಳಿಗೇ ಬಂದಿತ್ತು.

ಅವಳು ಎದ್ದು ಟ್ರೇಯನ್ನು ಹಿಡಿದು ತಿರುಗಿಸಿದಳು. ತಲೆ ಆಚೆಗೆ, ಬಾಲ ತನ್ನ ಕಡೆಗೆ. ಕನ್ನಡಕದವನು ತಲೆಯೆತ್ತಿದ. ಕೋಣೆಯ ಕೊನೆಯಲ್ಲಿ ಏನೋ ಬರೆಯುತ್ತಿದ್ದ ದೊಡ್ಡ ಮೇಡಂ ಪೆನ್ನು ಕೆಳಗಿಟ್ಟರು. ಅವರು ಆಕಾರದಲ್ಲಿ ಗುಬ್ಬಿಯಷ್ಟು, ವಿಭಾಗಕ್ಕೆ ಮುಖ್ಯಸ್ಥೆಯಾದ್ದರಿಂದ ದೊಡ್ಡವರು. ಎದ್ದು ಬಂದು ನಾಲ್ಕಡಿ ದೂರದಲ್ಲಿ ಕೈ ಕಟ್ಟಿ ನಿಂತರು.

ಅವಳು ಯಾರನ್ನೂ ನೋಡಲಿಲ್ಲ. ಬಾಲದ ಹತ್ತಿರ ಚರ್ಮ ಬಿಡಿಸಿ, ಕತ್ತಿ ಪಕ್ಕಕ್ಕಿಟ್ಟು, ಮಗ್ಗುಲಿನ ಗೆರೆಯಲ್ಲಿ ಹೆಬ್ಬೆರಳು ಇಳಿಸಿದಳು. ಮಾಂಸ ತಾನಾಗಿ ಎರಡಾಯಿತು. ಒಳಗೆ ದಾರ ಇತ್ತು.

ಈ ಸಲ ಎಳೆಯಬಾರದು. ಹಿಂಬಾಲಿಸಬೇಕು. ಬೆರಳಗಲ ಬೆರಳಗಲ ಮಾಂಸ ಸರಿಸುತ್ತಾ ಅವಳು ಬಾಲದಿಂದ ನಡುವಿಗೆ, ನಡುವಿನಿಂದ ಭುಜಕ್ಕೆ ನಡೆದಳು. ದಾರ ದಾರಿ ತೋರಿಸುತ್ತಾ ಮುಂದೆ ಮುಂದೆ ಹೋಯಿತು. ಭುಜದ ಹತ್ತಿರ ಆಳಕ್ಕೆ ಇಳಿದು, ಅವಳು ಹೆದರಿದ್ದ ಅದೇ ಕತ್ತಲೆ ಗುಹೆಯ ಒಳಗೋಡೆಗೆ ಮುಟ್ಟಿತು. ದಾರ ಯಾವ ಗೋಡೆಯಲ್ಲಿದೆ ಎಂದು ಗೊತ್ತಾದ ಮೇಲೆ ಆಚೆಯ ಗೋಡೆಯನ್ನು ಕೊಯ್ಯಬಹುದು. ಕೊಯ್ದಳು. ಹೆಪ್ಪುಗಟ್ಟಿದ ರಕ್ತವನ್ನು ಪಿಚಕಾರಿಯ ನೀರಿನಿಂದ ತೊಳೆದಳು. ನೀರು ಕೆಂಪಾಗಿ, ನಸುಗೆಂಪಾಗಿ, ತಿಳಿಯಾಯಿತು. ಗೋಡೆಯ ಮೇಲೆ ಅಗಲವಾದ ಬಿಳಿ ಪಟ್ಟಿ, ಅದರಿಂದ ಕಿವಿರುಗಳಿಗೆ ಇಳಿಯುವ ಕವಲುಗಳು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಹೊಟ್ಟೆಯ ಕಡೆ.

ಕಪ್ಪು ಪಟ್ಟಿ ಒಂದು ಕಡಿಮೆ ಬಿತ್ತು. ಅವಳು ಜೇಬು ತಡಕುತ್ತಿರುವಾಗ ಪಕ್ಕದ ಮೇಜಿನಿಂದ ಒಂದು ಪಟ್ಟಿ ಅವಳ ಟ್ರೇಯ ಅಂಚಿಗೆ ಬಂತು.

"ತಗೊಳ್ಳಿ" ಎಂದ ಕನ್ನಡಕದವನು. "ನನ್ನ ನಾಲ್ಕನೆಯದಕ್ಕೆ ಇನ್ನು ಹಾಸಿಗೆ ಬೇಕಾಗಲ್ಲ."

ನಾಲ್ಕಕ್ಕೆ ದೊಡ್ಡ ಮೇಡಂ ಚಿಮಟ ಹಿಡಿದು ಬಂದರು. ಕನ್ನಡಕದವನ ಮೇಜಿನಲ್ಲಿ ಒಂಬತ್ತು ನರ ಎತ್ತಿ ನೋಡಿ, ಹರಿದದ್ದನ್ನೂ ನೋಡಿ, "ಮುಚ್ಚಿಡದೆ ಬಿಟ್ಟಿದ್ದೀರಿ, ಒಳ್ಳೇದು" ಎಂದರು. ಆಮೇಲೆ ಅವಳ ಟ್ರೇ. ಒಂದರಿಂದ ಒಂಬತ್ತರವರೆಗೆ ಒಂದೊಂದನ್ನೇ ಎತ್ತಿ ಇಳಿಸಿದರು. ಹತ್ತನೆಯದನ್ನು ಬುಡದಲ್ಲಿ ಎತ್ತಿ, ಅದರ ಜೊತೆಗೇ ಬಾಲದವರೆಗೂ ನಡೆದು ಹೋದರು.

"ಇದನ್ನ ಹಿಂದಿನಿಂದ ಮುಂದಕ್ಕೆ ಬಿಡಿಸಿದ್ರಿ. ಯಾವ ಪುಸ್ತಕದ ಕ್ರಮ ಇದು?"

"ಪುಸ್ತಕದ್ದಲ್ಲ ಮೇಡಂ. ನಮ್ಮಮ್ಮ ಮೀನು ತುಂಡು ಮಾಡುವಾಗ ಇದನ್ನ ಎಳೆದು ತೆಗೀತಾರೆ."

"ಯಾಕೆ?"

"ಇದು ಇದ್ರೆ ಬೇಯುವಾಗ ತುಂಡು ಸುರುಟಿಕೊಳ್ಳುತ್ತಂತೆ."

ದೊಡ್ಡ ಮೇಡಂ ಮುಖದಲ್ಲಿ ನಗು ಬಂದೂ ಬಾರದ ಹಾಗಿತ್ತು. "ನಲವತ್ತು ವರ್ಷ ಪಾಠ ಮಾಡಿದೀನಿ. ಸುರುಟಿಕೊಳ್ಳೋದು ಗೊತ್ತಿರಲಿಲ್ಲ."

ಅವಳಿಗೆ ಸುಮ್ಮನಿರಲು ಆಗಲಿಲ್ಲ. "ಮೇಡಂ, ಒಂದು ಮಾತು ಹೇಳ್ಬೇಕು. ನಾನು ಅಭ್ಯಾಸ ಮಾಡಿದ್ದು ಬರೀ ತಲೆಗಳ ಮೇಲೆ. ಹತ್ತನೇದನ್ನ ಪೂರ್ತಿಯಾಗಿ ನೋಡಿದ್ದು ಇವತ್ತೇ ಮೊದಲು."

"ಗೊತ್ತಾಯ್ತು. ಎರಡು ಸಲ ಕತ್ತಿ ಇಟ್ರಿ, ಎರಡು ಸಲ ತೆಗೆದ್ರಿ. ಗೊತ್ತಿಲ್ಲದ ಜಾಗದಲ್ಲಿ ಕೊಯ್ಯದೆ ಕೈ ಹಿಂದಕ್ಕೆ ತಗೊಳ್ಳೋರು ಕಡಿಮೆ." ಚಿಮಟವನ್ನು ಟ್ರೇಯ ಪಕ್ಕ ಇಟ್ಟು, ಬಾಗಿಲ ಕಡೆ ನೋಡಿ, "ಇದಕ್ಕೆ ಎಲ್ಲಕ್ಕಿಂತ ಉದ್ದದ ಜಾಡಿ ತಗೊಂಡು ಬಾಪ್ಪಾ" ಎಂದರು. ಅಟೆಂಡರಣ್ಣ ಆಗಲೇ ಅದನ್ನು ಒರೆಸುತ್ತಾ ನಿಂತಿದ್ದ. ಮೇಡಂ ಹೊರಡುತ್ತಾ, ಅವಳ ಕಡೆ ಪೂರ್ತಿ ತಿರುಗದೆಯೇ ಹೇಳಿದರು: "ಚೀಟಿ ನೀನೇ ಬರಿ."

ಬೆಳಿಗ್ಗೆಯಿಂದ ಅವಳು ಅವರಿಗೆ "ನೀವು" ಆಗಿದ್ದಳು.

ಕಿಟಕಿಯ ಪಕ್ಕದ ಕುರ್ಚಿಯನ್ನು ಅಟೆಂಡರಣ್ಣ ಬಟ್ಟೆಯಿಂದ ಕೊಡವಿ ಹಿಂದಕ್ಕೆ ಎಳೆದ. ಅವಳು ಕೂತು, ದುಂಡಗಿನ ಅಕ್ಷರಗಳಲ್ಲಿ ಚೀಟಿ ಬರೆದಳು. ಮೀನನ್ನು ಜಾಡಿಗೆ ಇಳಿಸುವ ಮೊದಲು ಬಾಲದ ಗಂಟನ್ನು ಬಿಚ್ಚಿ, ಹಗ್ಗವನ್ನು ತೊಳೆದು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಮೆಟ್ಟಿಲ ಹತ್ತಿರ ಕನ್ನಡಕದವನು ಕಾಯುತ್ತಿದ್ದ. "ನಿಮ್ಮಮ್ಮನ ಅಂಗಡಿ ಎಲ್ಲಿ ಅಂತ ಹೇಳಿ," ಎಂದ. "ಇನ್ನೊಂದು ಕಾಲೇಜಲ್ಲೂ ಅರ್ಜಿ ಹಾಕಿದೀನಿ. ಅಲ್ಲೂ ನಾಲ್ಕನೇದು ಇರುತ್ತಲ್ಲ." ಅವಳು ದಾರಿ ಹೇಳಿದಳು. ಭಾನುವಾರ ಬಂದರೆ ತಲೆ ಸಿಗುತ್ತದೆ ಎಂದೂ ಹೇಳಿದಳು.

ಮಾರ್ಕೆಟ್ಟಿನಲ್ಲಿ ನೆಲ ತೊಳೆಯುವ ಹೊತ್ತು. ಅಮ್ಮ ಕೊನೆಯ ಗಿರಾಕಿಗೆ ಮೀನು ಕತ್ತರಿಸುತ್ತಿದ್ದಳು. ಎದುರಿನ ಸಿಗಡಿಯವಳು ಕೂಗಿದಳು: "ಏನೇ ಡಾಕ್ಟ್ರಮ್ಮ, ಪೇಶೆಂಟು?"

"ಜಾಡಿಯಲ್ಲಿದ್ದಾನೆ, ಆರಾಮಾಗಿ" ಎಂದಳು ಅವಳು.

ಅಮ್ಮ ತಲೆಯೆತ್ತಲಿಲ್ಲ. ಅವಳು ಚೀಲದಿಂದ ಹಗ್ಗ ತೆಗೆದು ಹಲಗೆಯ ಮೂಲೆಯಲ್ಲಿಟ್ಟಳು. ಅಮ್ಮ ಹಗ್ಗ ನೋಡಿದಳು. ಆಮೇಲೆ ಮಗಳ ಹೆಬ್ಬೆರಳಿನ ಉಗುರು ನೋಡಿದಳು. ಅದರ ಸಂದಿಯಲ್ಲಿ ಇನ್ನೂ ತುಸು ರಕ್ತವಿತ್ತು.

"ಅಮ್ಮ, ಇನ್ಮೇಲೆ ತಲೆ ಸ್ವಲ್ಪ ಹಿಂದಕ್ಕೆ ಕತ್ತರಿಸ್ತೀಯಾ?"

"ಎಷ್ಟು ಹಿಂದಕ್ಕೆ?"

"ಬಾಲದವರೆಗೂ."

"ಆಮೇಲೆ ನಾನು ಮಾರೋದೇನು?" ಎಂದಳು ಅಮ್ಮ.

ಗಿರಾಕಿ ಹೋದ. ಅಮ್ಮ ಎರಡು ಸಲ ಸೋಪು ಹಚ್ಚಿ ಕೈ ತೊಳೆದಳು, ಸೆರಗಿನಿಂದ ಬೆರಳಿನ ಸಂದಿಗಳನ್ನು ಒರೆಸಿಕೊಂಡಳು. ಐಸಿನ ಪೆಟ್ಟಿಗೆಯಿಂದ ದೂರ, ಒಣಗಿದ ಕ್ರೇಟಿನ ಮೇಲೆ ಬಟ್ಟೆ ಸುತ್ತಿಟ್ಟಿದ್ದ ಡಬ್ಬಿಯನ್ನು ತೆಗೆದಳು. ಬಟ್ಟೆಗೆ ಹಾಕಿದ ಗಂಟು ಬೆಳಿಗ್ಗೆ ಹಾಕಿದ ಹಾಗೇ ಇತ್ತು. ಎರಡು ಸುತ್ತು, ತುದಿ ಒಳಗೆ. ಅಮ್ಮ ಅದನ್ನು ಬಿಚ್ಚಿ, ಮುಚ್ಚಳ ತೆಗೆದು, ಮಗಳ ಕೈಗೆ ಕೊಟ್ಟಳು.